ಛಾವಣಿ, ಕ್ಯಾಂಪ್, ಕಾಲುವೆ: ಎಡೆದೊರೆ ನಾಡಿನ ಮೂರು ಊರುಗಳು

ಕೃಷ್ಣಾ ಮತ್ತು ತುಂಗಭದ್ರೆಯ ನಡುವಣ ನೆಲಕ್ಕೆ ಶಾಸನಗಳಲ್ಲಿ ಎಡೆದೊರೆ ನಾಡು ಎಂಬ ಹೆಸರಿದೆ. ಪಠ್ಯಪುಸ್ತಕಗಳಲ್ಲಿ ಈ ನಾಡು ಯಾವಾಗಲೂ ಯಾರೋ ಇಬ್ಬರು ಕಾದಾಡಿದ ಬಯಲು: ಚಾಲುಕ್ಯರು ಮತ್ತು ಚೋಳರು, ವಿಜಯನಗರ ಮತ್ತು ಬಹಮನಿ, ಆಮೇಲೆ ಬಿಜಾಪುರ. ಮುದಗಲ್ಲಿನ ಕೋಟೆ ಎಷ್ಟು ಸಲ ಕೈ ಬದಲಾಯಿಸಿತು ಎಂಬ ಲೆಕ್ಕದಲ್ಲೇ ಚರಿತ್ರೆ ಮುಗಿದುಹೋಗುತ್ತದೆ. ಕೋಟೆಯ ಕೆಳಗೆ ಎರೆ ಹೊಲದಲ್ಲಿ ಹಿಂಗಾರಿ ಜೋಳ ಬಿತ್ತುತ್ತಿದ್ದವರು ಆ ಲೆಕ್ಕಕ್ಕೆ ಬರುವುದಿಲ್ಲ. ಮಸ್ಕಿ, ಲಿಂಗಸುಗೂರು, ಸಿಂಧನೂರುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಬೇರೊಂದು ಚಿತ್ರ ಸಿಗುತ್ತದೆ. ಹೊರಗಿನವರನ್ನು ಇಲ್ಲಿಗೆ ಎಳೆದು ತಂದದ್ದು ಮೊದಲು ನೆಲದೊಳಗಿನ ಚಿನ್ನ, ಕಡೆಗೆ ನೆಲದ ಮೇಲಿನ ನೀರು. ಕೋಟೆ, ದಂಡು, ಕಚೇರಿಗಳೆಲ್ಲ ಇವೆರಡರ ನಡುವೆ ಬಂದವು.

ಚಿನ್ನದ ಕಥೆ ಮಸ್ಕಿಯಿಂದ ಶುರುವಾಗಬೇಕು. 1915ರಲ್ಲಿ ನಿಜಾಮರ ಸೀಮೆಯಲ್ಲಿ ಚಿನ್ನದ ಅದಿರು ಹುಡುಕುತ್ತಿದ್ದ ಗಣಿ ಎಂಜಿನಿಯರ್ ಸಿ. ಬೀಡನ್ ಅವರ ಕಣ್ಣಿಗೆ ಇಲ್ಲಿನ ಗುಡ್ಡದ ಬಂಡೆಯೊಂದರ ಮೇಲಿದ್ದ ಬ್ರಾಹ್ಮಿ ಅಕ್ಷರಗಳು ಬಿದ್ದವು. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ, ಹೈದರಾಬಾದ್ ಪುರಾತತ್ವ ಇಲಾಖೆಯ ಮಾಲೆಯ ಮೊದಲ ಸಂಚಿಕೆಯಾಗಿ ಪ್ರಕಟಿಸಿದರು. ಅಷ್ಟರವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ಅರಸನಿಗಿದ್ದದ್ದು ದೇವಾನಂಪಿಯ, ಪಿಯದಸಿ ಎಂಬ ಬಿರುದುಗಳು ಮಾತ್ರ. ಅವು ಅಶೋಕನವೇ ಎಂದು ಸಿಂಹಳದ ಗ್ರಂಥಗಳ ಬಲದಿಂದ ಊಹಿಸಲಾಗಿತ್ತು. ಮಸ್ಕಿಯ ಬಂಡೆಯಲ್ಲಿ ‘ಅಸೋಕಸ’ ಎಂಬ ನಾಲ್ಕಕ್ಷರ ಸಿಕ್ಕಿತು. ಊಹೆ ಸಾಕ್ಷ್ಯವಾದದ್ದು ಆ ನಾಲ್ಕಕ್ಷರದಿಂದ. ಮುಂದೆ ಮಧ್ಯಪ್ರದೇಶದ ಗುಜರ್ರಾ, ಬಳ್ಳಾರಿ ಸೀಮೆಯ ನಿಟ್ಟೂರು ಮತ್ತು ಉಡೇಗೋಳಗಳಲ್ಲೂ ಹೆಸರು ದೊರೆಯಿತು. ಮೊದಲ ಮಾನ ಮಾತ್ರ ಮಸ್ಕಿಯದೇ.

ಪಾಟಲಿಪುತ್ರದ ದೊರೆಗೆ ಇಷ್ಟು ದೂರದ ಗುಡ್ಡದಲ್ಲಿ ಏನು ಕೆಲಸ? ಬೀಡನ್ ಏಕೆ ಬಂದಿದ್ದರು ಎಂಬುದರಲ್ಲೇ ಉತ್ತರದ ಎಳೆ ಇದೆ ಎಂದು ನನಗನಿಸುತ್ತದೆ. ಮಸ್ಕಿಗೆ ಹತ್ತಿರದ, ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಇಂದಿಗೂ ಚಿನ್ನ ತೆಗೆಯುತ್ತಾರೆ. ಅಲ್ಲಿನ ಹಳೆಯ ಗುಂಡಿಗಳು ಆರು ನೂರು ಅಡಿಗೂ ಆಳಕ್ಕೆ ಇಳಿದಿದ್ದವು. ಸುಮಾರು ಎರಡು ಸಾವಿರ ವರ್ಷದ ಹಿಂದೆಯೇ ಜನ ಕಲ್ಲು ಕಾಯಿಸಿ, ಒಡೆದು, ಅಷ್ಟು ಕೆಳಗೆ ಹೋಗಿದ್ದರು. ಮೌರ್ಯರ ದಕ್ಷಿಣದ ರಾಜಧಾನಿ ಸುವರ್ಣಗಿರಿ ಮಸ್ಕಿಯೋ ಕನಕಗಿರಿಯೋ ಎಂಬ ಜಗಳ ಹಳೆಯದು. ಯಾವುದೇ ಆಗಲಿ, ಹೆಸರಿನಲ್ಲೇ ಚಿನ್ನವಿದೆ.

ಮೌರ್ಯರು ಬಂದದ್ದು ಖಾಲಿ ಕಾಡಿಗಲ್ಲ. 1954ರಲ್ಲಿ ಬಿ.ಕೆ. ಥಾಪರ್ ಮಸ್ಕಿಯಲ್ಲಿ ಅಗೆದಾಗ ನವಶಿಲಾಯುಗದಿಂದ ಮಧ್ಯಯುಗದವರೆಗಿನ ನಾಲ್ಕು ಪದರಗಳು ಕಂಡವು. ಮುದಗಲ್ ಹತ್ತಿರದ ಪಿಕ್ಲಿಹಾಳದಲ್ಲಿ ಎಫ್.ಆರ್. ಆಲ್ಚಿನ್ ನಡೆಸಿದ ಉತ್ಖನನ ದನಗಾಹಿಗಳ ನೆಲೆಗಳನ್ನು ತೋರಿಸಿತು. ಚಾಲುಕ್ಯ ಜಯಸಿಂಹನ ಕಾಲದಲ್ಲಿ ಮಸ್ಕಿ ‘ಪಿರಿಯ ಮೊಸಂಗಿ’. ರಾಜೇಂದ್ರ ಚೋಳ ಗೆದ್ದೆನೆಂದು ಹೇಳಿಕೊಂಡ ಮುಶಂಗಿ ಇದೇ ಎಂದು ಹಲವು ವಿದ್ವಾಂಸರ ಮತ.

ಲಿಂಗಸುಗೂರಿನ ಮಹತ್ವ ಬಂದೂಕಿನದು. ನಿಜಾಮರ ಖರ್ಚಿನಲ್ಲಿ ಇಂಗ್ಲಿಷ್ ಅಧಿಕಾರಿಗಳ ಕೈಕೆಳಗಿದ್ದ ಹೈದರಾಬಾದ್ ಕಂಟಿಂಜೆಂಟ್ ಸೈನ್ಯದ ಠಾಣ್ಯ ಅಲ್ಲಿತ್ತು. ಹಳೆಯ ಊರು ಕಸಬಾ ಲಿಂಗಸುಗೂರು, ದಂಡಿನ ಊರು ಛಾವಣಿ. ಕಂಟಿಂಜೆಂಟಿನ ಖರ್ಚಿನ ಬಾಕಿಗಾಗಿ 1853ರ ಒಪ್ಪಂದದಲ್ಲಿ ನಿಜಾಮರು ಈ ಎಡೆದೊರೆ ಸೀಮೆಯನ್ನು ಇಂಗ್ಲಿಷರಿಗೆ ಒಪ್ಪಿಸಬೇಕಾಯಿತು. 1858ರ ಫೆಬ್ರವರಿಯಲ್ಲಿ ಇಂಗ್ಲಿಷರ ವಿರುದ್ಧ ಎದ್ದ ಸುರಪುರದ ರಾಜಾ ವೆಂಕಟಪ್ಪ ನಾಯಕನ ಮೇಲೆ ದಂಡು ಹೊರಟದ್ದು ಇಲ್ಲಿಂದಲೇ. 1860ರಲ್ಲಿ ಸೀಮೆ ಮತ್ತೆ ನಿಜಾಮರ ಕೈಗೆ ಬಂತು. ಲಿಂಗಸುಗೂರು ಜಿಲ್ಲಾ ಕೇಂದ್ರವಾಯಿತು. ಸಿಂಧನೂರು ಅದರ ಒಂದು ತಾಲ್ಲೂಕು. 1905ರಲ್ಲಿ ಜಿಲ್ಲೆಯನ್ನೇ ಒಡೆದರು. ಸುರಪುರ, ಶಹಾಪುರ ಗುಲ್ಬರ್ಗಕ್ಕೆ ಹೋದವು, ಉಳಿದದ್ದು ರಾಯಚೂರಿಗೆ ಸೇರಿತು.

ಸಿಂಧನೂರಿನ ಸರದಿ ಬಂದದ್ದು 1953ರಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟಾಗ. ಸುಮಾರು 227 ಕಿಲೋಮೀಟರ್ ಉದ್ದದ ಈ ಕಾಲುವೆಯ ಉದ್ದೇಶ ಬರ ತಡೆಯುವುದು: ಇರುವ ನೀರನ್ನು ತೆಳ್ಳಗೆ ಹರಡಿ ಜೋಳ, ಹತ್ತಿಗೆ ಆಸರೆ ಕೊಡುವುದು. ಆದರೆ ಎರೆ ಹೊಲಕ್ಕೆ ನೀರು ಕಟ್ಟಿ ರೂಢಿಯಿಲ್ಲದ ಸ್ಥಳೀಯರು ಹಿಂಜರಿದರು. ಕರಾವಳಿ ಆಂಧ್ರದಲ್ಲಿ ಒಂದೆಕರೆ ಮಾರಿದರೆ ಇಲ್ಲಿ ಹಲವು ಎಕರೆ ಸಿಗುತ್ತಿತ್ತು. ಹಾಗೆ ಮಾರಿ ಬಂದ ಆಂಧ್ರದ ರೈತರು ಹೊಲ ಮಟ್ಟ ಮಾಡಿ, ಬದು ಕಟ್ಟಿ, ಭತ್ತ ನಾಟಿ ಮಾಡಿದರು. ಅವರ ನೆಲೆಗಳಿಗೆ ಬಿದ್ದ ಹೆಸರು ಕ್ಯಾಂಪ್. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೆ ಸರ್ಕಾರ ಸಿಂಧನೂರು ತಾಲ್ಲೂಕಿನಲ್ಲಿ ನೆಲೆ ಕೊಟ್ಟಿತು. ಅವು ಆರ್.ಎಚ್. (ಪುನರ್ವಸತಿ) ಕ್ಯಾಂಪ್‌ಗಳು, ಅಲ್ಲಿ ಇಂದಿಗೂ ದುರ್ಗಾಪೂಜೆ ನಡೆಯುತ್ತದೆ. ತಲೆಮಾರುಗಳು ಕಳೆದರೂ ಊರಿನ ಹೆಸರಿನಿಂದ ‘ಕ್ಯಾಂಪ್’ ಕಳಚಿಲ್ಲ. ದಂಡಿನ ಛಾವಣಿ, ಬೇಸಾಯಗಾರರ ಕ್ಯಾಂಪ್ ಎರಡೂ ಬಿಡಾರದ ಮಾತುಗಳೇ.

ಭತ್ತ ನೀರನ್ನು ಮೇಲ್ಭಾಗದಲ್ಲೇ ಹಿಡಿದಿಟ್ಟಿತು. ಕಾಲುವೆಯ ಮೈಲ್ 69ರಲ್ಲಿ, ಮೈಲ್ 104ರಲ್ಲಿ ನೀರಿನ ಗೇಜ್ ಎಷ್ಟಿದೆ ಎಂಬುದು ಇವತ್ತು ರಾಯಚೂರು ಜಿಲ್ಲೆಯ ರಾಜಕೀಯದ ಮೊದಲ ಪ್ರಶ್ನೆ. ಮಾನ್ವಿ, ರಾಯಚೂರಿನ ಕೊನೆಭಾಗದ ರೈತರು ಆ ಅಂಕಿಗಾಗಿ ರಸ್ತೆ ತಡೆಯುತ್ತಾರೆ. ಸಿಂಧನೂರು, ಲಿಂಗಸುಗೂರು, ಮಾನ್ವಿಗಳಿಂದ ಹಳ್ಳಿಗಳನ್ನು ಕೂಡಿಸಿ ಮಾಡಿದ ಹೊಸ ತಾಲ್ಲೂಕು ಮಸ್ಕಿಯೊಳಗೇ ನೀರಿನ ಗಡಿ ಹಾದುಹೋಗಿದೆ. ಒಂದು ಭಾಗದಲ್ಲಿ ಭತ್ತ, ಇನ್ನೊಂದರಲ್ಲಿ ಮಳೆ ನೋಡುವ ಹೊಲ. ನಾರಾಯಣಪುರ ಜಲಾಶಯದ ಬಲದಂಡೆಯ 5ಎ ಕಾಲುವೆ ಬೇಕೆಂದು 2020ರಲ್ಲಿ ಪಾಮನಕಲ್ಲೂರಿನಲ್ಲಿ ಧರಣಿ ಕೂತವರು ಈ ಒಣ ಭಾಗದವರು. ಮುದಗಲ್ಲಿನ ಕೋಟೆಗಿಂತ ಈ ಗಡಿ ಹೆಚ್ಚು ಗಟ್ಟಿಯಾದದ್ದು ಎಂಬುದು ನನ್ನ ತೀರ್ಮಾನ.

ಭತ್ತದ ದುಡ್ಡಿನಲ್ಲಿ ಸಿಂಧನೂರು ಬೆಳೆದು ಲಿಂಗಸುಗೂರನ್ನು ಹಿಂದೆ ಹಾಕಿದೆ. ಆದರೂ ಕಂದಾಯ ಉಪವಿಭಾಗದ ಕೇಂದ್ರ ಲಿಂಗಸುಗೂರೇ. ಜಮೀನಿನ ತಕರಾರು ಸಹಾಯಕ ಆಯುಕ್ತರವರೆಗೆ ಹೋದರೆ, ಸಿಂಧನೂರಿನ ರೈತ ಇಂದಿಗೂ ಆ ಹಳೆಯ ಛಾವಣಿಯ ಊರಿಗೇ ಬಸ್ಸು ಹತ್ತಬೇಕು.