ಗ್ರಾಮಫೋನಿನ ಸ್ಪ್ರಿಂಗು ಗರಗಸವಾದ ಕಥೆ

ನಮ್ಮ ತಂದೆಯವರ ಬಳಿ ಬಡಗಿಯ ಹತ್ಯಾರುಗಳೆಂದು ಹೇಳಿಕೊಳ್ಳುವಂಥವು ಯಾವುವೂ ಇರಲಿಲ್ಲ. ಆದರೂ ಕೊಡಲಿಯ ಕಾವು, ಬಾಗಿಲಿನ ಅಗುಳಿ, ಕೂರುವ ಮಣೆ ಎಲ್ಲವೂ ಅವರ ಕೈಯಲ್ಲೇ ದುರಸ್ತಿಯಾಗುತ್ತಿದ್ದವು. ಒಡೆದ ಗಾಜಿನ ಚೂರಿನಿಂದ ಕಾವನ್ನು ಹೆರೆದು ನುಣುಪು ಮಾಡುತ್ತಿದ್ದರು. ಬೈರಿಗೆಯ ಬದಲು, ಒಲೆಯಲ್ಲಿ ಕೆಂಪಗೆ ಕಾಯಿಸಿದ ಕಂಬಿಯಿಂದ ಮರಕ್ಕೆ ತೂತು ಮಾಡುತ್ತಿದ್ದರು. ಬಾಲಕನಾಗಿದ್ದ ನಾನು ಇದನ್ನು ಬಡತನದ ಗುರುತೆಂದು ತಿಳಿದು ನಾಚಿಕೊಂಡದ್ದೂ ಉಂಟು.

ಮುಂದೆ ನಾನು ಇತಿಹಾಸದ ಅಧ್ಯಾಪಕನಾದೆ. ಒಮ್ಮೆ ಎರಡನೆಯ ಮಹಾಯುದ್ಧದ ಪಾಠ ನಡೆದಿದ್ದಾಗ ಹುಡುಗನೊಬ್ಬ ಎದ್ದುನಿಂತು, "ಸಾರ್, ಸೆರೆ ಸಿಕ್ಕ ಸೈನಿಕರು ವರ್ಷಗಟ್ಟಲೆ ಒಳಗೆ ಕೂತು ಏನು ಮಾಡ್ತಿದ್ರು?" ಎಂದು ಕೇಳಿದ. ಅದು ಪರೀಕ್ಷೆಗೆ ಬರುವ ವಿಷಯವಲ್ಲವೆಂದು ಗದರಿ ಅವನನ್ನು ಕೂರಿಸಿದೆ. ನಿಜವೆಂದರೆ ನನಗೆ ಉತ್ತರ ತಿಳಿದಿರಲಿಲ್ಲ. ಬಹುಕಾಲದ ನಂತರ ಓದಿನಿಂದ ದೊರೆತ ಉತ್ತರಗಳಲ್ಲಿ ಒಂದನ್ನು ಇಲ್ಲಿ ಬರೆಯುತ್ತಿದ್ದೇನೆ.

ಜರ್ಮನಿಯ ಸ್ಯಾಕ್ಸನಿ ಪ್ರಾಂತದಲ್ಲಿ, ಮುಲ್ಡೆ ನದಿಯ ದಡದ ಎತ್ತರದ ಬಂಡೆಯ ಮೇಲೆ ಕೋಲ್ಡಿಟ್ಸ್ ಎಂಬ ಹಳೆಯ ಕೋಟೆಯಿದೆ. ಬೇರೆ ಶಿಬಿರಗಳಿಂದ ತಪ್ಪಿಸಿಕೊಳ್ಳಲು ಯತ್ನಿಸಿ ಸಿಕ್ಕಿಬಿದ್ದ ಮಿತ್ರಪಕ್ಷದ ಅಧಿಕಾರಿಗಳನ್ನು ಜರ್ಮನರು ಇಲ್ಲಿ ಇರಿಸುತ್ತಿದ್ದರು. 1944ರ ಮಾರ್ಚ್‌ನಲ್ಲಿ ಸಾಗಾನ್‌ನ ಇನ್ನೊಂದು ಶಿಬಿರದಿಂದ 76 ಮಂದಿ ಸುರಂಗದ ಮೂಲಕ ಪಾರಾದರು. ಮತ್ತೆ ಸೆರೆಸಿಕ್ಕ 73 ಜನರಲ್ಲಿ 50 ಮಂದಿಯನ್ನು ಗುಂಡಿಕ್ಕಿ ಕೊಲ್ಲಲಾಯಿತು. ಅಲ್ಲಿಂದಾಚೆಗೆ ಪಲಾಯನವೆಂಬುದು ಸಾಹಸದ ಆಟವಾಗಿ ಉಳಿಯಲಿಲ್ಲ.

ಅಂಥ ದಿನಗಳಲ್ಲಿ ಕೋಲ್ಡಿಟ್ಸ್‌ನ ಬಿಲ್ ಗೋಲ್ಡ್‌ಫಿಂಚ್, ಜ್ಯಾಕ್ ಬೆಸ್ಟ್, ಟೋನಿ ರೋಲ್ಟ್ ಮೊದಲಾದವರು ಕೋಟೆಯ ಪ್ರಾರ್ಥನಾ ಮಂದಿರದ ಮೇಲಿನ ಅಟ್ಟದಲ್ಲಿ ಗ್ಲೈಡರೊಂದನ್ನು, ಅಂದರೆ ಎಂಜಿನ್ ಇಲ್ಲದ ವಿಮಾನವನ್ನು, ಕಟ್ಟತೊಡಗಿದರು. ಸುಳ್ಳುಗೋಡೆಯೊಂದನ್ನು ಎಬ್ಬಿಸಿ ಅದರ ಹಿಂದೆ ಕೆಲಸದ ಕೋಣೆ ಮಾಡಿಕೊಂಡರು. ಸುರಂಗಗಳನ್ನು ಹುಡುಕಿ ಅಭ್ಯಾಸವಾಗಿದ್ದ ಕಾವಲುಗಾರರ ದೃಷ್ಟಿ ನೆಲದ ಮೇಲಿತ್ತೇ ಹೊರತು ತಲೆಯ ಮೇಲಿರಲಿಲ್ಲ.

ಕೆಲಸವೆಲ್ಲ ಮರದ್ದು; ಹತ್ಯಾರುಗಳನ್ನು ಮಾತ್ರ ಅವರೇ ಸೃಷ್ಟಿಸಿಕೊಳ್ಳಬೇಕಾಗಿತ್ತು. ಗರಗಸದ ಹಿಡಿ ಮಂಚದ ಹಲಗೆಯದು, ಚೌಕಟ್ಟು ಕಿಟಕಿಯ ಸರಳಿನದು, ಅಲಗು ಗ್ರಾಮಫೋನಿನ ಸ್ಪ್ರಿಂಗಿನದು. ಆ ಅಲಗಿಗೆ ಇಂಚಿಗೆ 8ರಂತೆ ಹಲ್ಲುಗಳನ್ನು ಕೊರೆದಿದ್ದರು. ಊಟದ ಮೇಜಿನ ಚಾಕು ಉಜ್ಜುಗೊರಡಿನ ಅಲಗಾಯಿತು. ಮೊಳೆಗಳು ಬೈರಿಗೆಯ ಮೊನೆಗಳಾದವು. ಹಲಗೆಯಂಚಿಗೆ ಸಮಾಂತರವಾಗಿ ಗೆರೆ ಕೊರೆಯುವ ಸಾಧನಕ್ಕೆ ಬೀರುವಿನ ಚಿಲಕವೂ ಗ್ರಾಮಫೋನಿನ ಮುಳ್ಳೂ ಒದಗಿದವು. ಬಕೆಟ್ಟಿನ ಹಿಡಿಕೆಯಿಂದ ಬೀಗದ ಕೈ ತಯಾರಾಯಿತು.

ವಿಮಾನದ ಸಾಮಗ್ರಿಯೂ ಹೀಗೆಯೇ ಕೂಡಿಬಂತು. ರೆಕ್ಕೆಯ ಉದ್ದದ ತೊಲೆಗಳಿಗೆ ನೆಲದ ಹಲಗೆ, ನೂರಾರು ಪಕ್ಕೆಲುಬುಗಳಿಗೆ ಮಂಚದ ಪಟ್ಟಿ, ನಿಯಂತ್ರಣಕ್ಕೆ ಗೋಡೆಯಿಂದ ಕಿತ್ತ ವಿದ್ಯುತ್ ತಂತಿ. ಹೊದಿಕೆಗೆ ಮಲಗುವ ಚೀಲಗಳ ಚೌಕಳಿ ಬಟ್ಟೆ. ಅದರ ರಂಧ್ರಗಳನ್ನು ಮುಚ್ಚಲು ತಮ್ಮ ಪಡಿತರದ ಸಿರಿಧಾನ್ಯವನ್ನು ಬೇಯಿಸಿದ ಗಂಜಿ! ರೆಕ್ಕೆಯ ತುದಿಯಿಂದ ತುದಿಗೆ ಸುಮಾರು 32 ಅಡಿ. ತೂಕ ಸುಮಾರು 109 ಕಿಲೋ. ಮಾಳಿಗೆಯ ಮೇಲೆ ಮೇಜುಗಳನ್ನು ಸಾಲಾಗಿ ಜೋಡಿಸಿ, ಕಾಂಕ್ರೀಟು ತುಂಬಿದ ಸ್ನಾನದ ತೊಟ್ಟಿಯನ್ನು ಹಗ್ಗಕ್ಕೆ ಕಟ್ಟಿ ಕೆಳಗೆ ಬೀಳಿಸಿ, ಆ ಸೆಳೆತದಿಂದ ಗ್ಲೈಡರನ್ನು ಹಾರಿಸಿ ನದಿಯಾಚೆ ಇಳಿಸುವುದು ಅವರ ಯೋಜನೆಯಾಗಿತ್ತು.

ಓದುಗರು ಗಮನಿಸಬೇಕಾದ ಸಂಗತಿಯೊಂದಿದೆ. ಹತ್ಯಾರುಗಳು ತಾತ್ಕಾಲಿಕವಾಗಿದ್ದರೂ ಲೆಕ್ಕಾಚಾರ ಹಾಗಿರಲಿಲ್ಲ. ಸೆರೆಮನೆಯ ಗ್ರಂಥಾಲಯದಲ್ಲೇ ದೊರೆತ, ಲ್ಯಾಟಿಮರ್ ನೀಡ್‌ಹ್ಯಾಮ್ ಅವರ ವಿಮಾನ ವಿನ್ಯಾಸದ ಪುಸ್ತಕವನ್ನು ಓದಿ, ಯಾವ ಭಾಗದ ಮೇಲೆ ಎಷ್ಟು ಒತ್ತಡ ಬೀಳುವುದೆಂದು ತಿಳಿದುಕೊಂಡೇ ಅವರು ಮರ ಕೊಯ್ದರು. ಉಪಕರಣದಲ್ಲಿ ರಾಜಿ ಮಾಡಿಕೊಂಡರು, ಅಳತೆಯಲ್ಲಿ ಮಾಡಿಕೊಳ್ಳಲಿಲ್ಲ.

ಆ ಗ್ಲೈಡರು ಹಾರಲೇ ಇಲ್ಲ. 1945ರ ಏಪ್ರಿಲ್ 16ರಂದು ಅಮೆರಿಕದ ಸೈನ್ಯ ಕೋಟೆಯನ್ನು ಬಿಡುಗಡೆ ಮಾಡಿತು. ಆಮೇಲೆ ಅದು ಏನಾಯಿತೋ ತಿಳಿಯದು. ಒಂದು ಛಾಯಾಚಿತ್ರ ಉಳಿದಿದೆ. ಆದರೆ 2000ದಲ್ಲಿ ಇಂಗ್ಲೆಂಡಿನ ಓಡಿಹ್ಯಾಮ್ ವಾಯುನೆಲೆಯಲ್ಲಿ ಅದೇ ಗಾತ್ರದ ಪ್ರತಿಕೃತಿಯೊಂದು ಮೊದಲ ಯತ್ನದಲ್ಲೇ ಹಾರಿತು. ವೃದ್ಧರಾಗಿದ್ದ ಬೆಸ್ಟ್ ಮತ್ತು ಗೋಲ್ಡ್‌ಫಿಂಚ್ ಅಲ್ಲಿ ನಿಂತು ಅದನ್ನು ಕಣ್ಣಾರೆ ಕಂಡರು.

ಹಾರದ ವಿಮಾನದಿಂದ ಏನು ಪ್ರಯೋಜನ ಎಂದು ಕೇಳುವವರುಂಟು. ನಾಳೆ ಬದುಕಿರುವೆವೋ ಇಲ್ಲವೋ ಎಂಬ ಸ್ಥಿತಿಯಲ್ಲಿದ್ದವರಿಗೆ, ಬೆಳಗಾದರೆ ಮಾಡಬೇಕಾದ ಕೆಲಸವೊಂದು ಇತ್ತಲ್ಲ, ಅದು ಸಣ್ಣ ಪ್ರಯೋಜನವೇ? ಈ ಕಥೆಯನ್ನು ಓದಿದ ಮೇಲೆ ತಂದೆಯವರ ಗಾಜಿನ ಚೂರಿನ ಬಗ್ಗೆ ನನಗಿದ್ದ ನಾಚಿಕೆ ಹೋಯಿತು. ಗಾಜಿನ ಚೂರನ್ನು ಯಾರು ಬೇಕಾದರೂ ಎತ್ತಿಕೊಳ್ಳಬಹುದು. ಮರದ ಎಳೆ ಯಾವ ಕಡೆಗೆ ಓಡಿದೆಯೆಂದು ಅರಿತು ಹೆರೆಯುವ ಕೈ ಬೇಕು. ಆ ಕೈ ಅವರಿಗಿತ್ತು.

ಪ್ರಶ್ನೆ ಕೇಳಿದ ಹುಡುಗ ಈಗ ಎಲ್ಲಿದ್ದಾನೋ ತಿಳಿಯದು. ಈ ಬರಹ ಅವನ ಕಣ್ಣಿಗೆ ಬಿದ್ದರೆ, ಅಂದು ಗದರಿದ್ದಕ್ಕೆ ಮೇಷ್ಟರನ್ನು ಕ್ಷಮಿಸಲಿ.