ಹಳೆ ಜಾವಾಕ್ಕೆ ಹೊಸ ಕಿಡಿ

ಕಿಕ್ ಹೊಡೆದ ಲಿವರನ್ನೇ ಮುಂದಕ್ಕೆ ತಿರುಗಿಸಿದರೆ ಅದೇ ಗೇರ್ ಲಿವರ್! ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಹೊರಬರತೊಡಗಿದ ಜಾವಾ, 70ರ ದಶಕದಲ್ಲಿ ಯೆಜ್ಡಿ ಎಂದು ಹೆಸರು ಬದಲಿಸಿಕೊಂಡಿತು. 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ಅಸಲಿ ಬಿಡಿಭಾಗಗಳೂ ಅಪರೂಪವಾದವು.

ಹಳೆಯ ಗಾಡಿಗಳ ತೊಂದರೆ ಹೆಚ್ಚಾಗಿ ವಿದ್ಯುತ್ತಿನದು. ಬ್ಯಾಟರಿ 6 ವೋಲ್ಟಿನದು. ದೀಪವೋ ಚಿಮಣಿ ಬುಡ್ಡಿಗೆ ಸಮ. ಕಿಡಿಯ ಹೊತ್ತನ್ನು ನಿರ್ಧರಿಸುವ ಪಾಯಿಂಟ್‌ಗಳು ಸವೆದಂತೆ ಅವುಗಳ ನಡುವಿನ ಅಂತರ ಬದಲಾಗಿ ಲೆಕ್ಕ ತಪ್ಪುತ್ತದೆ, ಗಾಡಿ ನಡುದಾರಿಯಲ್ಲಿ ಮುನಿಯುತ್ತದೆ. ಮೆಕ್ಯಾನಿಕ್‌ಗಳು 12 ವೋಲ್ಟ್ ವ್ಯವಸ್ಥೆಯನ್ನೂ ಸಿಡಿಐಯನ್ನೂ ಕೂಡಿಸುವುದು ಇದಕ್ಕಾಗಿಯೇ. ಸಿಡಿಐಯಲ್ಲಿ ಸವೆಯುವ ಪಾಯಿಂಟೇ ಇಲ್ಲ; ತಿರುಗುವ ಅಯಸ್ಕಾಂತದಿಂದ ಸೂಚನೆ ಸಿಕ್ಕೊಡನೆ ಕೆಪಾಸಿಟರ್ ತನ್ನಲ್ಲಿ ತುಂಬಿಕೊಂಡ ವಿದ್ಯುತ್ತನ್ನು ಕಿಡಿಗೆ ಬಿಟ್ಟುಕೊಡುತ್ತದೆ.

ಡಿಸ್ಕ್ ಬ್ರೇಕಿನ ಮಾತು ಬೇರೆ. ಅದಕ್ಕಾಗಿ ಮುಂದಿನ ಚಕ್ರ, ಫೋರ್ಕ್ ಎರಡನ್ನೂ ಬದಲಿಸಿದರೆ ನಿಲ್ಲುವುದು ಚೆನ್ನಾಗಿ ನಿಲ್ಲುತ್ತದೆ, ಆದರೆ ಅದು ಜಾವಾದಂತೆ ಕಾಣುವುದಿಲ್ಲ.

ಕಾನೂನಿನ ತೊಡಕೂ ಉಂಟು. 2021ರ ನಿಯಮದಂತೆ, 50 ವರ್ಷ ದಾಟಿದ ವಾಹನಕ್ಕೆ ವಿಂಟೇಜ್ ನೋಂದಣಿ ಬೇಕಿದ್ದರೆ ಅದು ಮೂಲರೂಪದಲ್ಲಿರಬೇಕು. ಚಾಸಿಯಲ್ಲಾಗಲಿ ಎಂಜಿನ್ನಿನಲ್ಲಾಗಲಿ ದೊಡ್ಡ ಮಾರ್ಪಾಡು ಆಗಿರಕೂಡದು. ಹಾಗಾಗಿ ಜಾಣರು ಕಳಚಿದ ಪಾಯಿಂಟ್ ಪ್ಲೇಟನ್ನು ಗುಜರಿಗೆ ಹಾಕದೆ ಡಬ್ಬಿಯಲ್ಲಿ ಜೋಪಾನವಾಗಿಡುತ್ತಾರೆ.