ಜಾಮ್ ಬಾಟ್ಲಿಯೊಳಗಿನ ಬುಡ್ಡಿ

ಹೋದ ವರ್ಷ ದೀಪಾವಳಿಗೆ ಎರಡು ವಾರ ಮುಂಚೆ ನಮ್ಮ ಆಫೀಸಿನಲ್ಲಿ ಒಂದು ವರ್ಕ್‌ಶಾಪ್ ನಡೆಯಿತು. 'ಮನೆಯಲ್ಲಿ ಖಾಲಿ ಬಿದ್ದಿರುವ ಗಾಜಿನ ಬಾಟ್ಲಿ ತನ್ನಿ, ಚಂದದ ಕ್ಯಾಂಡಲ್ ಹೋಲ್ಡರ್ ಮಾಡಿಕೊಂಡು ಹೋಗಿ' ಅಂತ ಮೇಲ್ ಬಂದಿತ್ತು. ಅವತ್ತು ಹೇಗೂ ರಿಲೀಸ್ ಮುಂದಕ್ಕೆ ಹೋಗಿತ್ತು. ಒಂದು ಜಾಮ್ ಬಾಟ್ಲಿ, ಒಂದು ಉದ್ದನೆಯ ಪಾಸ್ತಾ ಸಾಸ್ ಬಾಟ್ಲಿ ಹಿಡ್ಕೊಂಡು ನಾನೂ ಹೋದೆ.

ಕೆಲಸ ಸುಲಭ. ಬಾಟ್ಲಿಯನ್ನು ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ ಲೇಬಲ್ ಕೀಳಬೇಕು. ಉಳಿದ ಅಂಟನ್ನು ಕೊಬ್ಬರಿ ಎಣ್ಣೆಗೆ ಅಡುಗೆ ಸೋಡಾ ಕಲಸಿ ಉಜ್ಜಿದರೆ ಬಿಟ್ಟುಕೊಳ್ಳುತ್ತೆ. ಚೆನ್ನಾಗಿ ಒಣಗಿಸಿ, ಗಾಜಿನ ಬಣ್ಣ ಬಳಿದು, ಕತ್ತಿಗೆ ಸೆಣಬಿನ ದಾರ ಸುತ್ತಿ, ಒಳಗೊಂದು ಪುಟ್ಟ ಮೇಣದ ಬತ್ತಿ ಇಟ್ಟರೆ ಮುಗೀತು. ಎರಡರಲ್ಲಿ ಉದ್ದನೆಯದೇ ನನಗೆ ಹೆಚ್ಚು ಇಷ್ಟವಾಯಿತು. ಮನೆಗೆ ತಂದವನೇ ಟ್ಯೂಬ್‌ಲೈಟ್ ಆರಿಸಿ, ಬಾಲ್ಕನಿ ಪರದೆಯ ಪಕ್ಕ ಶೂ ರ‍್ಯಾಕ್ ಮೇಲೆ ಅದನ್ನು ಹಚ್ಚಿಟ್ಟು ಫೋಟೊ ತೆಗೆಯೋಕೆ ನಿಂತೆ.

ಕಣ್ಣಿನ ಚೆಕಪ್ಪಿಗೆ ಅಂತ ಊರಿಂದ ಬಂದಿದ್ದ ನಮ್ಮ ಸಣ್ಣತ್ತೆ ಸೋಫಾದಲ್ಲಿ ಕೂತು ನೋಡ್ತಾ ಇದ್ದರು. "ಇದೇನ್ಲಾ ಮಗಾ, ಬುಡ್ಡಿ ಮಾಡ್ಕೊಂಡ್ ಬಂದಿದೀಯಾ?" ಅಂದರು. ನಾನು ನಕ್ಕೆ. ಅವರು ಎದ್ದು ಬಂದು, ಬಾಟ್ಲಿಯ ಬುಡ ಹಿಡಿದು ಎತ್ತಿ, ಪರದೆಯಿಂದ ದೂರ, ಹಾಲ್‌ನ ಮಧ್ಯೆ ನೆಲದ ಮೇಲೆ ಇಟ್ಟರು. ಮತ್ತೇನೂ ಹೇಳದೆ ಹೋಗಿ ಕೂತರು. ಅತ್ತೆಯ ಎಡಗೈ ಮೊಣಕೈಯಿಂದ ಮುಂಗೈವರೆಗೆ ಸುಕ್ಕುಗಟ್ಟಿದೆ. ಅದು ಬುಡ್ಡಿಯಿಂದಲೇ ಆದದ್ದು. ಅದಕ್ಕೆ ಆಮೇಲೆ ಬರ್ತೀನಿ.

ಸಿಟಿಯಲ್ಲೇ ಹುಟ್ಟಿ ಬೆಳೆದವರಿಗೆ ಬುಡ್ಡಿ ಅಂದರೆ ಏನು ಅಂತ ಹೇಳಬೇಕಾಗುತ್ತೆ. ಬುಡ್ಡಿ ಅಂದರೆ ಚಿಕ್ಕ ಸೀಸೆ. ಮಸಿಬುಡ್ಡಿ, ಇಂಕ್ ಬುಡ್ಡಿ ಅಂತೀವಲ್ಲ, ಅದೇ ಬುಡ್ಡಿ. ಆ ಸೀಸೆಗೆ ಸೀಮೆಎಣ್ಣೆ ತುಂಬಿ ಬತ್ತಿ ಹಾಕಿದ ಮೇಲೆ ದೀಪಕ್ಕೂ ಅದೇ ಹೆಸರು ಅಂಟಿಕೊಂಡಿತು. ನಮ್ಮ ಕಡೆ ಬುಡ್ಡಿ ಮಾಡುವ ಕ್ರಮ ಹೀಗಿತ್ತು. ಖಾಲಿಯಾದ ಟಾನಿಕ್ ಬಾಟ್ಲಿಯೋ, ಇಂಕಿನ ಬಾಟ್ಲಿಯೋ, ಕ್ವಾರ್ಟರ್ ಬಾಟ್ಲಿಯೋ ತಗೊಳ್ಳೋದು. ತಗಡಿನ ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆಯೋದು. ತೂತಿಗೆ ಹಳೇ ಸೈಕಲ್ ಟ್ಯೂಬಿನ ಹಿತ್ತಾಳೆ ವಾಲ್ವು ಸಿಕ್ಕಿಸೋದು. ಹಳೇ ಪಂಚೆ ಹರಿದು ಹೊಸೆದ ಬತ್ತಿಯನ್ನು ಅದರೊಳಗೆ ತೂರಿಸೋದು. ಹತ್ತು ನಿಮಿಷದ ಕೆಲಸ, ಒಂದು ಪೈಸೆ ಖರ್ಚಿಲ್ಲ. ನಮ್ಮ ತಾತ ಮಾಡ್ತಿದ್ದಿದ್ದು ಇದನ್ನೇ. ಅದಕ್ಕೆ 'ಅಪ್‌ಸೈಕಲ್' ಅಂತಾರೆ ಅಂತ ಅವರಿಗೆ ಗೊತ್ತಿರಲಿಲ್ಲ ಅಷ್ಟೇ.

ಆದರೆ ಈ ಬುಡ್ಡಿ ಹಳ್ಳಿಯಲ್ಲಿ ಅನಾದಿ ಕಾಲದಿಂದ ಇತ್ತು ಅಂದುಕೊಂಡರೆ ತಪ್ಪು. ಅದಕ್ಕೆ ಬೇಕಾದ ಎರಡು ವಸ್ತುಗಳೂ ಹೊರಗಿನಿಂದ ಬಂದವು, ಅದೂ ಈಚೆಗೆ.

ಮೊದಲನೆಯದು ಎಣ್ಣೆ. ಸೀಮೆಸುಣ್ಣ, ಸೀಮೆಹಸು, ಸೀಮೆಬದನೆಯ ಹಾಗೆ ಸೀಮೆಎಣ್ಣೆ ಅಂದರೂ ಪರದೇಶದ್ದು ಅಂತಲೇ ಅರ್ಥ. ಕೆನಡಾದ ಅಬ್ರಹಾಂ ಗೆಸ್ನರ್ 1846ರಲ್ಲಿ ಕಲ್ಲಿದ್ದಲಿನಿಂದ ಇಂಥ ಎಣ್ಣೆ ತೆಗೆದು ತೋರಿಸಿದ, ಅದಕ್ಕೆ ಕೆರೋಸಿನ್ ಅಂತ ಹೆಸರಿಟ್ಟ. 1859ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಎಡ್ವಿನ್ ಡ್ರೇಕ್ ತೋಡಿಸಿದ ಬಾವಿಯಲ್ಲಿ ಕಚ್ಚಾ ತೈಲ ಸಿಕ್ಕಿದ ಮೇಲೆ ಕೆರೋಸಿನ್ ಅಗ್ಗವಾಯಿತು. ಅಲ್ಲಿಂದ ಕೆಲವೇ ದಶಕಗಳಲ್ಲಿ ಏಷ್ಯಾದ ಪೇಟೆಗಳಿಗೆ ಹಡಗಿನಲ್ಲಿ ಬರತೊಡಗಿತು. ಹಿಪ್ಪೆ ಎಣ್ಣೆ, ಹೊಂಗೆ ಎಣ್ಣೆ, ಹರಳೆಣ್ಣೆಯ ಹಣತೆ ಉರಿಸುತ್ತಿದ್ದ ಮನೆಗಳಿಗೆ ಇದರ ಬೆಳಕು ಜೋರು ಅನ್ನಿಸಿರಬೇಕು.

ಈ ವ್ಯಾಪಾರದಲ್ಲಿ ಒಂದು ಮಜಾ ಕತೆ ಇದೆ. ಅಮೆರಿಕದ ಸ್ಟ್ಯಾಂಡರ್ಡ್ ಆಯಿಲ್ ಕಂಪನಿ ಎಣ್ಣೆಯನ್ನು ನೀಲಿ ತಗಡಿನ ಡಬ್ಬಗಳಲ್ಲಿ ಕಳಿಸುತ್ತಿತ್ತು. ಲಂಡನ್ನಿನ ವ್ಯಾಪಾರಿ ಮಾರ್ಕಸ್ ಸ್ಯಾಮ್ಯುಯೆಲ್‌ಗೆ ಡಬ್ಬದ ಖರ್ಚು ದಂಡ ಅನ್ನಿಸಿತು. 1892ರಲ್ಲಿ 'ಮ್ಯುರೆಕ್ಸ್' ಅನ್ನೋ ಹಡಗಿನ ಟ್ಯಾಂಕಿಗೇ ರಷ್ಯಾದ ಎಣ್ಣೆ ತುಂಬಿಸಿ ಸೂಯೆಜ್ ಕಾಲುವೆ ದಾಟಿಸಿ ಪೂರ್ವಕ್ಕೆ ಕಳಿಸಿದ. ಜನ ತಮ್ಮ ತಮ್ಮ ಪಾತ್ರೆ ತಂದು ತುಂಬಿಸಿಕೊಂಡು ಹೋಗ್ತಾರೆ ಅನ್ನೋದು ಅವನ ಲೆಕ್ಕ. ಎಣ್ಣೆ ಅಗ್ಗ, ಆದರೂ ವ್ಯಾಪಾರ ಆಗಲಿಲ್ಲ. ಯಾಕೆ ಅಂತ ವಿಚಾರಿಸಿದರೆ, ಜನಕ್ಕೆ ಎಣ್ಣೆಯ ಜೊತೆ ಡಬ್ಬವೂ ಬೇಕಿತ್ತು! ಆ ತಗಡಿನಿಂದ ಮಾಡಿಗೆ ಹೊದಿಕೆ, ಹೂಜಿ, ದೀಪ, ಏನೆಲ್ಲ ಆಗುತ್ತಿತ್ತು. ಕೊನೆಗೆ ಸ್ಯಾಮ್ಯುಯೆಲ್ ಇಲ್ಲಿಗೇ ತಗಡು ಕಳಿಸಿ, ಕೆಂಪು ಡಬ್ಬ ಮಾಡಿಸಿ, ಅದರಲ್ಲಿ ತುಂಬಿಸಿ ಮಾರಬೇಕಾಯಿತು. ಇದೇ ಆಮೇಲೆ ಶೆಲ್ ಕಂಪನಿ ಆಯಿತು. ಬಳಸಿ ಬಿಸಾಕಬೇಕಾದ ಡಬ್ಬದ ಬೆಲೆ ಕಂಪನಿಗಿಂತ ಗಿರಾಕಿಗೇ ಚೆನ್ನಾಗಿ ಗೊತ್ತಿತ್ತು ನೋಡಿ. ನಾವು 'ಯೂಸರ್ ರಿಸರ್ಚ್' ಮಾಡದೆ ಫೀಚರ್ ಬಿಟ್ಟು ಕೈ ಸುಟ್ಟುಕೊಳ್ಳೋದೂ ಹೀಗೇ.

ಎರಡನೆಯದು ಬಾಟ್ಲಿ. ನೂರೈವತ್ತು ವರ್ಷದ ಹಿಂದೆ ಗಾಜಿನ ಬಾಟ್ಲಿ ಅಂದರೆ ಕುಲುಮೆ ಮುಂದೆ ಕೂತು, ಕೊಳವೆ ಹಿಡಿದು, ಉಸಿರು ಕಟ್ಟಿ ಊದಿ ಮಾಡುವ ವಸ್ತು. 1858ರಲ್ಲಿ ಅಮೆರಿಕದ ಜಾನ್ ಲ್ಯಾಂಡಿಸ್ ಮೇಸನ್ ಗಾಜಿನ ಬಾಯಿಗೆ ತಿರುಪು ಮಾಡಿ, ಅದಕ್ಕೆ ತಿರುಗಿಸಿ ಹಾಕುವ ಮುಚ್ಚಳದ ಪೇಟೆಂಟ್ ಪಡೆದ. ಇವತ್ತು ಕೆಫೆಗಳಲ್ಲಿ ನಿಂಬೆ ಪಾನಕ ತುಂಬಿಸಿ ಕೊಡ್ತಾರಲ್ಲ, ಆ ಮೇಸನ್ ಜಾರ್ ಇವನದೇ. 1903ರಲ್ಲಿ ಮೈಕೆಲ್ ಓವೆನ್ಸ್ ತಾನೇ ತಾನಾಗಿ ಬಾಟ್ಲಿ ಮಾಡುವ ಯಂತ್ರ ರೂಪಿಸಿದ ಮೇಲೆ ಬಾಟ್ಲಿ ತೀರಾ ಅಗ್ಗವಾಯಿತು. ಗಾಜಿನ ಫ್ಯಾಕ್ಟರಿಗಳಲ್ಲಿ ದುಡಿಯುತ್ತಿದ್ದ ಸಾವಿರಾರು ಹುಡುಗರು ಆ ಕೆಲಸದಿಂದ ಬಿಡುಗಡೆಯಾದದ್ದೂ ಈ ಯಂತ್ರದಿಂದ. ಔಷಧಿ, ಶಾಯಿ, ಸಾರಾಯಿ ಎಲ್ಲ ಗಾಜಿನಲ್ಲಿ ಬಂತು. ಒಳಗಿನದು ಖಾಲಿಯಾದ ಮೇಲೆ ಬಾಟ್ಲಿ ಉಳಿಯಿತು. ಉಳಿದ ಬಾಟ್ಲಿಯನ್ನು ಹಳ್ಳಿಯಲ್ಲಿ ಯಾರೂ ಎಸೆಯಲಿಲ್ಲ. ದೊಡ್ಡದಾದರೆ ಉಪ್ಪಿನಕಾಯಿಗೆ, ಚಿಕ್ಕದಾದರೆ ದೀಪಕ್ಕೆ.

ಅನುಕೂಲಸ್ಥರ ಮನೆಯಲ್ಲಿ ಲಾಟೀನು ಇರುತ್ತಿತ್ತು. ಉತ್ತರ ಕರ್ನಾಟಕದವರು ಕಂದೀಲು ಅಂತಾರೆ. ಕರಾಡದ ಹತ್ತಿರ ಓಗಲೆವಾಡಿಯಲ್ಲಿ ತಯಾರಾಗುತ್ತಿದ್ದ 'ಪ್ರಭಾಕರ' ಕಂದೀಲು ಸ್ವದೇಶಿ ಕಾಲದಲ್ಲಿ ಹೆಸರುವಾಸಿ. ಲಾಟೀನಿಗೆ ಗಾಜಿನ ಬುರುಡೆ ಇತ್ತು, ತಿರುಪು ಇತ್ತು, ಭದ್ರವಾದ ತಳ ಇತ್ತು. ಬುಡ್ಡಿಗೆ ಇದ್ಯಾವುದೂ ಇರಲಿಲ್ಲ. ನಮ್ಮನೆಯಲ್ಲಿ ಲಾಟೀನು ಒಂದೇ. ಅದು ಅಪ್ಪನ ಜೊತೆ ತೋಟಕ್ಕೋ ಕೊಟ್ಟಿಗೆಗೋ ಹೋಗುತ್ತಿತ್ತು. ಅಡುಗೆಮನೆ, ಬಚ್ಚಲು, ಮಕ್ಕಳ ಓದು, ಇಷ್ಟಕ್ಕೂ ಬುಡ್ಡಿ. ಅಂದರೆ ಮನೆಯಲ್ಲಿ ಅತಿ ಅಪಾಯದ ದೀಪ ಹೆಂಗಸರು ಮಕ್ಕಳ ಪಾಲಿಗೆ.

ಕರೆಂಟಿನ ಕತೆ ನಿಮಗೆ ಗೊತ್ತಿರಬಹುದು. ಶಿವನಸಮುದ್ರದಲ್ಲಿ 1902ರಲ್ಲೇ ವಿದ್ಯುತ್ ಹುಟ್ಟಿತು, ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದರು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂತು. ಈ ಎರಡನ್ನೂ ನಾವು ಹೆಮ್ಮೆಯಿಂದ ಹೇಳ್ತೀವಿ, ಹೇಳಲೂಬೇಕು. ಆದರೆ 2001ರ ಜನಗಣತಿ ಪ್ರಕಾರ ಭಾರತದ ಹಳ್ಳಿಗಳ ಶೇ 55.6 ಮನೆಗಳಿಗೆ ಸೀಮೆಎಣ್ಣೆಯೇ ಮುಖ್ಯ ಬೆಳಕು. 2011ರಲ್ಲೂ ಅದು ಶೇ 43.2. ನಮ್ಮ ರಾಜ್ಯದಲ್ಲಿ ಬಡವರ ಮನೆಗೆ ಒಂದು ಬಲ್ಬಿನ ಭಾಗ್ಯಜ್ಯೋತಿ ಕನೆಕ್ಷನ್ ಕೊಟ್ಟರು. ನಮ್ಮೂರಲ್ಲೂ ಬಲ್ಬು ಇತ್ತು, ಕರೆಂಟು ಇರ್ತಿರಲಿಲ್ಲ. ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ನಾನು ಓದಿದ್ದರಲ್ಲಿ ಅರ್ಧಕ್ಕರ್ಧ ಬುಡ್ಡಿಯ ಬೆಳಕಿನಲ್ಲೇ. ತಿಂಗಳಿಗೊಮ್ಮೆ ಸೊಸೈಟಿ ಮುಂದೆ ಕ್ಯಾನ್ ಹಿಡಿದು ಕ್ಯೂ ನಿಲ್ಲೋದು ನನ್ನ ಪಾಲಿನ ಕೆಲಸ.

ಬೆಳಿಗ್ಗೆ ಎದ್ದು ಮೂಗು ಸೀನಿದರೆ ಕರಿಮಸಿ. ಅದು ಮಾಮೂಲಿ ಅಂದುಕೊಂಡಿದ್ವಿ. ಇಂಥ ತೆರೆದ ಬತ್ತಿಯ ದೀಪಗಳಲ್ಲಿ ಉರಿಯುವ ಸೀಮೆಎಣ್ಣೆಯ ಶೇ 7ರಿಂದ 9ರಷ್ಟು ಅಪ್ಪಟ ಮಸಿಯಾಗಿ ಗಾಳಿಗೆ ಸೇರುತ್ತೆ ಅಂತ 2012ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹೇಳಿತು. ಅದನ್ನು ಓದಿದ ದಿನ ನನಗೆ ಮೊದಲು ನೆನಪಾದದ್ದು ನಮ್ಮನೆಯ ದೀಪದ ಗೂಡು. ಅದರ ಮೇಲಿನ ಗೋಡೆ ಇವತ್ತಿಗೂ ಕಪ್ಪಗಿದೆ, ಎಷ್ಟು ಸುಣ್ಣ ಬಳಿದರೂ ಆ ಕಪ್ಪು ಹಣಕುತ್ತೆ.

ಮಸಿಗಿಂತ ದೊಡ್ಡ ಕಷ್ಟ ಬೀಳುವುದು. ಟಾನಿಕ್ ಬಾಟ್ಲಿಯನ್ನು ನಿಲ್ಲಿಸಿ ನೋಡಿ. ಎತ್ತರ ಜಾಸ್ತಿ, ತಳ ಕಿರಿದು, ತೂಕ ಕಮ್ಮಿ. ಎಣ್ಣೆ ಇಳಿದಂತೆಲ್ಲ ಇನ್ನೂ ಹಗುರ. ಸೀರೆಯ ಸೆರಗು ತಗುಲಿದರೆ ಸಾಕು, ಉರುಳುತ್ತೆ. ದುಂಡಗಿರುವುದರಿಂದ ಉರುಳಿದ್ದು ನಿಲ್ಲುವುದಿಲ್ಲ. ಮುಚ್ಚಳವನ್ನು ಒತ್ತಿ ಕೂರಿಸಿದ್ದರೆ ಅದು ಕಳಚಿ, ಎಣ್ಣೆ ಚೆಲ್ಲಿ, ಚೆಲ್ಲಿದ ಕಡೆಗೆಲ್ಲ ಬೆಂಕಿ. ಅತ್ತೆಗೆ ಆಗ ಹದಿನಾರು ವರ್ಷವಂತೆ. ಬೆಳಗಿನ ಜಾವ ಒಲೆ ಹಚ್ಚುತ್ತಿದ್ದಾಗ ಗೂಡಿನಲ್ಲಿದ್ದ ಬುಡ್ಡಿಯನ್ನು ಬೆಕ್ಕು ಕೆಡವಿತು. ತಾತ ಮಾಡಿದ ಬುಡ್ಡಿ. ತಾತ ಆಮೇಲೆ ಬದುಕಿರುವವರೆಗೆ ಇನ್ನೊಂದು ಬುಡ್ಡಿ ಮಾಡಲಿಲ್ಲ. ಆದರೆ ಮನೆಯಲ್ಲಿ ಬುಡ್ಡಿ ನಿಲ್ಲಲೂ ಇಲ್ಲ. ಬೇರೆ ಬೆಳಕು ಎಲ್ಲಿತ್ತು? ಚಿಕ್ಕಪ್ಪ ಮಾಡಿಕೊಟ್ಟರು.

ಇದೇ ಕಷ್ಟವನ್ನು ಶ್ರೀಲಂಕಾದ ಒಬ್ಬ ಡಾಕ್ಟರು ಬೇರೆ ರೀತಿ ನೋಡಿದರು. ಅಲ್ಲಿ ಇದಕ್ಕೆ ಕುಪ್ಪಿ ದೀಪ ಅಂತಾರೆ. ನಮ್ಮ ಕರಾವಳಿಯವರಿಗೆ ಕುಪ್ಪಿ ಅಂದರೆ ಬಾಟ್ಲಿ ಅಂತ ಹೇಳಿಕೊಡಬೇಕಾಗಿಲ್ಲ. ಸರ್ಜನ್ ಆಗಿದ್ದ ಡಾ. ವಿಜಯ ಗೋಡಕುಂಬುರ ಅವರ ಆಸ್ಪತ್ರೆಗೆ ಕುಪ್ಪಿ ದೀಪದಿಂದ ಸುಟ್ಟುಕೊಂಡವರು ಬರುತ್ತಲೇ ಇದ್ದರು. ಚರ್ಮ ಕಸಿ ಮಾಡ್ತಾ ಕೂತರೆ ಇದು ಮುಗಿಯೋದಿಲ್ಲ, ದೀಪವನ್ನೇ ಸರಿಮಾಡಬೇಕು ಅಂತ ಅವರಿಗೆ ಅನ್ನಿಸಿತು. ಅವರಿಗೆ ದಾರಿ ತೋರಿಸಿದ್ದು ಮಾರ್ಮೈಟ್ ಅನ್ನೋ ಬ್ರೆಡ್ಡಿಗೆ ಸವರುವ ಪದಾರ್ಥದ ಖಾಲಿ ಬಾಟ್ಲಿ. ಕುಳ್ಳಗೆ, ದಪ್ಪಗೆ, ಭಾರವಾಗಿ ಇರುತ್ತೆ ಅದು. ಅದೇ ಮಾದರಿಯಲ್ಲಿ ಅವರು ಒಂದು ದೀಪ ರೂಪಿಸಿದರು. ಗಿಡ್ಡ, ಆದ್ದರಿಂದ ಸುಲಭಕ್ಕೆ ಬೀಳಲ್ಲ. ಎರಡು ಬದಿ ಚಪ್ಪಟೆ, ಬಿದ್ದರೂ ಉರುಳಲ್ಲ. ಗಾಜು ದಪ್ಪ, ಒಡೆಯೋದು ಕಷ್ಟ. ಮುಚ್ಚಳಕ್ಕೆ ತಿರುಪು, ಎಣ್ಣೆ ಚೆಲ್ಲಲ್ಲ. ಹೆಸರು 'ಸುದೀಪ', ಒಳ್ಳೆಯ ದೀಪ. (ಸುದೀಪ ಅಂದ ಕೂಡಲೇ ನಮಗೆ ಬೇರೆ ಯಾರೋ ನೆನಪಾಗ್ತಾರೆ, ಇರಲಿ.) 1998ರಲ್ಲಿ ಈ ಕೆಲಸಕ್ಕೆ ಅವರಿಗೆ ರೋಲೆಕ್ಸ್ ಪ್ರಶಸ್ತಿ ಬಂತು. ಲಕ್ಷಾಂತರ ದೀಪಗಳು ಶ್ರೀಲಂಕಾದ ಮನೆಗಳಿಗೆ ಹೋದವು.

ಇದನ್ನು ಓದಿದಾಗ ನನಗೆ ಖುಷಿಯೂ ಆಯಿತು, ಹೊಟ್ಟೆಯಲ್ಲಿ ಸಂಕಟವೂ ಆಯಿತು. ಈ ನಾಲ್ಕು ಬದಲಾವಣೆಯಲ್ಲಿ ಒಂದಕ್ಕೂ ದೊಡ್ಡ ವಿಜ್ಞಾನ ಬೇಕಿರಲಿಲ್ಲ. ಮೇಸನ್‌ನ ತಿರುಪು ಮುಚ್ಚಳ ಬಂದು ಅಷ್ಟೊತ್ತಿಗೆ ನೂರಾ ಮೂವತ್ತು ವರ್ಷ ದಾಟಿತ್ತು. ಕುಳ್ಳನೆಯ ವಸ್ತು ಬೀಳಲ್ಲ ಅಂತ ಬಿಂದಿಗೆ ಇಳಿಸುವ ಪ್ರತಿ ಹೆಂಗಸಿಗೂ ಗೊತ್ತು. ಗೊತ್ತಿದ್ದವರ ಮಾತು ದೀಪ ಮಾಡುವವರ ತನಕ ತಲುಪಲಿಲ್ಲ, ಮಾಡಬಲ್ಲವರಿಗೆ ಅಡುಗೆಮನೆಯ ದೀಪ ಒಂದು ಸಮಸ್ಯೆ ಅನ್ನಿಸಲಿಲ್ಲ. ಬಿಇ ಓದುವಾಗ ಗುರುತ್ವ ಕೇಂದ್ರದ ಲೆಕ್ಕವನ್ನು ನಾನೂ ಪುಟಗಟ್ಟಲೆ ಮಾಡಿದೀನಿ. ರಜೆಗೆ ಊರಿಗೆ ಹೋದಾಗ ಗೂಡಿನಲ್ಲಿದ್ದ ಬುಡ್ಡಿ ನೋಡಿ ಆ ಲೆಕ್ಕ ಒಮ್ಮೆಯೂ ನೆನಪಾಗಲಿಲ್ಲ.

ಈಗ ನಮ್ಮೂರಲ್ಲಿ ಬುಡ್ಡಿ ಇಲ್ಲ. 2017ರಲ್ಲಿ ಸೌಭಾಗ್ಯ ಯೋಜನೆ ಬಂತು, ಎಲ್‌ಇಡಿ ಬಲ್ಬು ಬಂತು, ಎಲ್ಲರ ಕೈಯಲ್ಲೂ ಮೊಬೈಲ್ ಟಾರ್ಚು. ಯಾರಿಗೂ ಬುಡ್ಡಿಯ ಮೇಲೆ ಮೋಹ ಇಲ್ಲ, ಇರಬೇಕಾಗಿಯೂ ಇಲ್ಲ. ಮೋಹ ಇರೋದು ನನ್ನಂಥವರಿಗೆ. ಬಲ್ಬು ಆರಿಸಿ, ಬಾಟ್ಲಿಯಲ್ಲಿ ಬೆಂಕಿ ಇಟ್ಟು ಫೋಟೊ ತೆಗೆಯುವವರಿಗೆ. ಅದು ತಪ್ಪು ಅಂತ ನನಗೆ ಅನ್ನಿಸಲ್ಲ. ಖಾಲಿ ಬಾಟ್ಲಿ ಕಸಕ್ಕೆ ಹೋಗುವ ಬದಲು ಮನೆಯಲ್ಲಿ ಚಂದ ಕಾಣೋದು ಒಳ್ಳೆಯದೇ. ಆದರೆ ಬಾಟ್ಲಿ ಆರಿಸುವಾಗ ಒಂದು ತಲೆಮಾರು ಚರ್ಮ ಸುಟ್ಟುಕೊಂಡು ಕಲಿತ ಪಾಠವನ್ನು ಮರೆಯಬಾರದು.

ನಾನು ಈಗ ಮಾಡುವುದು ಇಷ್ಟು. ಉದ್ದನೆಯ ಬಾಟ್ಲಿಗೆ ಮನಿಪ್ಲಾಂಟ್ ಹಾಕಿದೀನಿ. ದೀಪಕ್ಕೆ ಕುಳ್ಳನೆಯ ಅಗಲ ಬಾಯಿಯ ಜಾಮ್ ಬಾಟ್ಲಿ ಮಾತ್ರ. ತಳಕ್ಕೆ ಎರಡು ಬೆರಳು ಮರಳು, ತೂಕಕ್ಕೂ ಆಯಿತು, ತಳದ ಗಾಜಿಗೆ ಬಿಸಿಯೂ ತಗುಲಲ್ಲ. ಮೇಣದ ಬತ್ತಿ ಸರಿಯಾಗಿ ನಡುವೆ. ಜಾಮ್ ಬಾಟ್ಲಿಯದು ಸಾಮಾನ್ಯ ಗಾಜು, ಒಂದೇ ಕಡೆ ಬಿಸಿಯಾದರೆ, ಬಿಸಿಯಿದ್ದಾಗ ತಣ್ಣೀರು ಬಿದ್ದರೆ ಫಟ್ ಅಂತ ಸೀಳುತ್ತೆ. ಅಮೆರಿಕದ ರೈಲ್ವೆ ಲಾಟೀನುಗಳ ಗಾಜು ಮಳೆಗೆ ಹೀಗೇ ಸೀಳುತ್ತಿತ್ತು. ಅದಕ್ಕೆ ಪರಿಹಾರ ಹುಡುಕುತ್ತಾ ಹೋಗಿಯೇ ಕಾರ್ನಿಂಗ್ ಕಂಪನಿ 1915ರ ಹೊತ್ತಿಗೆ ಪೈರೆಕ್ಸ್ ಪಾತ್ರೆಗಳನ್ನು ಮಾರುಕಟ್ಟೆಗೆ ತಂದದ್ದು. ಸೆಣಬಿನ ದಾರವನ್ನು ಬಾಯಿಯ ಅಂಚಿಗೆ ಸುತ್ತಲ್ಲ, ಕೆಳಗಡೆ ಸುತ್ತುತೀನಿ. ಪರದೆ ಹತ್ತಿರ ಇಡಲ್ಲ, ಹಚ್ಚಿಟ್ಟು ಮಲಗಲ್ಲ.

ದೀಪಾವಳಿಗೆ ಊರಿಗೆ ಹೋಗುವಾಗ ಅಂಥದ್ದೊಂದು ಮಾಡಿ ಅತ್ತೆಗೆ ತಗೊಂಡು ಹೋಗಿದ್ದೆ. ಕೈಗೆ ತಗೊಂಡು ತೂಕ ನೋಡಿದರು. ನೆಲದ ಮೇಲಿಟ್ಟು ಒಂದು ಬೆರಳಿಂದ ತಳ್ಳಿ ನೋಡಿದರು, ಅಲುಗಲಿಲ್ಲ. "ಇದು ಪರವಾಗಿಲ್ಲ ಕಣ್ಲಾ" ಅಂದರು. ಆಮೇಲೆ ಅದರೊಳಗಿನ ಮೇಣದ ಬತ್ತಿ ತೆಗೆದಿಟ್ಟು, ಮರಳನ್ನು ಅಂಗಳಕ್ಕೆ ಸುರಿದು, ತೊಳೆದು ಬಿಸಿಲಿಗೆ ಬೋರಲು ಹಾಕಿದರು. ನಿಂಬೆಕಾಯಿ ಉಪ್ಪಿನಕಾಯಿ ಹಾಕೋಕೆ ಒಂದು ಬಾಟ್ಲಿ ಕಮ್ಮಿ ಇತ್ತಂತೆ.